ಕ್ಯಾಮೆರಾದಲ್ಲಿ ಚೆಂದ ಕಂಡ ಫೋಟೋ ಲಿನಕ್ಸ್‌ನಲ್ಲಿ ಮಂಕಾಗುವುದು ಯಾಕೆ?

ಪ್ರಶ್ನೆ: ನಮ್ಮದು ಚಿಕ್ಕಮಗಳೂರು. ಮುಳ್ಳಯ್ಯನಗಿರಿಯಲ್ಲಿ ರಾ ಫಾರ್ಮ್ಯಾಟಲ್ಲಿ ತೆಗೆದ ಫೋಟೋಗಳು ಕ್ಯಾಮೆರಾ ಸ್ಕ್ರೀನಿನಲ್ಲಿ ಸೊಗಸಾಗಿದ್ದವು. ಉಬುಂಟು ಲಿನಕ್ಸ್ ಇರುವ ಲ್ಯಾಪ್‌ಟಾಪಿನಲ್ಲಿ ಡಾರ್ಕ್‌ಟೇಬಲ್ ಅನ್ನೋ ಫೋಟೋ ಎಡಿಟರಿಗೆ ಹಾಕಿದಾಗಲೂ ಮೊದಲು ಚೆನ್ನಾಗೇ ಕಂಡವು. ಎಡಿಟ್ ಮಾಡೋಣ ಅಂತ ತೆರೆದರೆ ಕಣ್ಣೆದುರೇ ಮಂಕಾದವು. ಲಿನಕ್ಸ್ ಫೋಟೋ ಹಾಳು ಮಾಡುತ್ತಾ?

ಉತ್ತರ: ಇಲ್ಲ. ನೀವು ಮೊದಲು ನೋಡಿದ್ದು ರಾ ಫೋಟೋವೇ ಅಲ್ಲ.

ರಾ ಅಂದರೆ ಸೆನ್ಸರ್ ಹಿಡಿದದ್ದನ್ನು ಹಾಗೇ ಇಟ್ಟ ಫೈಲ್. ಅದರ ಒಳಗೆ ಕ್ಯಾಮೆರಾ ತಾನೇ ತಯಾರಿಸಿದ ಒಂದು ಜೆಪೆಗ್ ಇರುತ್ತದೆ. ಕ್ಯಾಮೆರಾ ಸ್ಕ್ರೀನ್ ತೋರಿಸುವುದು ಅದನ್ನೇ. ಡಾರ್ಕ್‌ಟೇಬಲ್‌ನಲ್ಲಿ ಫೋಟೋಗಳನ್ನೆಲ್ಲ ಸಾಲಾಗಿ ತೋರಿಸುವ ಲೈಟ್‌ಟೇಬಲ್ ಕೂಡ ಮೊದಲಿಗೆ ಅದನ್ನೇ ತೋರಿಸುತ್ತದೆ. ಎಡಿಟ್ ಮಾಡುವ ಭಾಗವಾದ ಡಾರ್ಕ್‌ರೂಮಿಗೆ ಹೋದ ಮೇಲಷ್ಟೇ ಸೆನ್ಸರಿನ ನಿಜವಾದ ಮಾಹಿತಿಯಿಂದ ಚಿತ್ರ ಮೂಡುತ್ತದೆ. ಕಾಂಟ್ರಾಸ್ಟ್ ಏರಿಸುವುದು, ಬಣ್ಣ ಗಾಢ ಮಾಡುವುದು, ಶಾರ್ಪ್ ಮಾಡುವುದು, ಇವೆಲ್ಲ ಕ್ಯಾಮೆರಾ ಆ ಜೆಪೆಗ್‌ಗೆ ಮಾಡಿದ ಅಲಂಕಾರ. ರಾದಲ್ಲಿ ಅದು ಇಲ್ಲ. ಆದರೆ ಸರಕು ಜಾಸ್ತಿ ಇದೆ: ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಹಂತ, 14 ಬಿಟ್ ರಾದಲ್ಲಿ 16,384.

ಕ್ಯಾಮೆರಾದ ನೋಟವೇ ಬೇಕಾದರೆ ಸುಲಭದ ದಾರಿ ಇದೆ. 2024ರ ಡಿಸೆಂಬರಿನಲ್ಲಿ ಬಂದ ಡಾರ್ಕ್‌ಟೇಬಲ್ 5.0ರಲ್ಲಿ 500ಕ್ಕೂ ಹೆಚ್ಚು ಕ್ಯಾಮೆರಾ ಮಾಡೆಲ್‌ಗಳಿಗೆ ಸಿದ್ಧ ಸ್ಟೈಲ್‌ಗಳಿವೆ, ಅಂದರೆ ಒಂದೇ ಸಲಕ್ಕೆ ಹಾಕಬಹುದಾದ ಎಡಿಟ್‌ಗಳ ಕಟ್ಟು. ನಿಮ್ಮ ಮಾಡೆಲಿನದ್ದನ್ನು ಹಾಕಿದರೆ ಬೆಳಕು, ಕಾಂಟ್ರಾಸ್ಟ್, ಬಣ್ಣದ ಗಾಢತೆ ಜೆಪೆಗ್‌ಗೆ ಹತ್ತಿರ ಬರುತ್ತವೆ. ಉಬುಂಟುವಿನಲ್ಲಿ ಹಳೆಯ ಆವೃತ್ತಿ ಇದ್ದರೆ ಲಿನಕ್ಸ್ ಆ್ಯಪ್‌ಗಳ ತಾಣವಾದ ಫ್ಲಾಟ್‌ಹಬ್‌ನಿಂದ ಹಾಕಿಕೊಳ್ಳಿ. ಇಂಥದ್ದೇ ಇನ್ನೊಂದು ಎಡಿಟರ್ ರಾಥೆರಪಿಯಾದರೆ ಒಳಗಿನ ಜೆಪೆಗ್ ನೋಡಿ ಬೆಳಕು-ಕತ್ತಲೆಯ ಕರ್ವ್ ತಾನೇ ಹೊಂದಿಸುತ್ತದೆ. ಎರಡೂ ಉಚಿತ.

ಆದರೆ ಗಿರಿಯ ಮಂಜಿಗೆ ಸ್ಟೈಲ್ ಒಂದೇ ಸಾಲದು. ಕ್ಯಾಮೆರಾದ ಮೀಟರ್ ಬಿಳಿ ಜಾಸ್ತಿ ಕಂಡರೆ ಅದನ್ನು ಬೂದು ಬಣ್ಣಕ್ಕೆ ಎಳೆಯುತ್ತದೆ. ಮಂಜು ಹೊಗೆಯಂತಾಗುವುದು ಹಾಗೆ. ತೋಟದ ತುಂಬ ಕಾಫಿ ಹೂ ಬಿಟ್ಟಾಗಲೂ ಇದೇ ಕಥೆ. ಡಾರ್ಕ್‌ರೂಮಿನ ಒಂದೊಂದು ಎಡಿಟ್ ಸಾಧನಕ್ಕೂ ಮಾಡ್ಯೂಲ್ ಅನ್ನುತ್ತಾರೆ. ಎಕ್ಸ್‌ಪೋಷರ್ ಮಾಡ್ಯೂಲಿನಲ್ಲಿ ಬೆಳಕನ್ನು ಮಂಜು ಬೆಳ್ಳಗಾಗುವವರೆಗೆ ಏರಿಸಿ, ಆಮೇಲೆ ಸಿಗ್ಮಾಯ್ಡ್ ಮಾಡ್ಯೂಲಿನಲ್ಲಿ ಕಾಂಟ್ರಾಸ್ಟ್ ಸ್ವಲ್ಪ ಹೆಚ್ಚಿಸಿ. ಕಲರ್ ಬ್ಯಾಲೆನ್ಸ್ ಆರ್‌ಜಿಬಿಯಲ್ಲಿ ಬಣ್ಣ ಚೂರು ಸಾಕು. ಮಂಜು ಅಳಿಸುವ ಹೇಜ್ ರಿಮೂವಲ್ ಮುಟ್ಟಬೇಡಿ ಅನ್ನುವುದು ನನ್ನ ಅಭಿಪ್ರಾಯ. ಮಂಜು ತೆಗೆದ ಮೇಲೆ ಅಷ್ಟು ಬೆಳಿಗ್ಗೆ ಎದ್ದು ಹೋಗಿದ್ದಾದರೂ ಯಾಕೆ, ಅಲ್ವಾ?

ಬೇಲೂರಿನ ದೇವಸ್ಥಾನದ ಒಳಗೆ ತೆಗೆದ ಫೋಟೋಗಳ ಸಮಸ್ಯೆ ಬೇರೆ. ಕತ್ತಲಲ್ಲಿ ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿಸಿದಾಗ ಬರುವ ಮರಳಿನಂಥ ಚುಕ್ಕೆಗಳನ್ನು ಕ್ಯಾಮೆರಾ ಜೆಪೆಗ್‌ನಲ್ಲಿ ಒರೆಸಿರುತ್ತದೆ, ರಾದಲ್ಲಿ ಹಾಗೇ ಉಳಿದಿರುತ್ತವೆ. ಡಿನಾಯ್ಸ್ ಪ್ರೊಫೈಲ್ಡ್ ಮಾಡ್ಯೂಲ್ ಆನ್ ಮಾಡಿ. ಕ್ಯಾಮೆರಾ ಮತ್ತು ಐಎಸ್ಒ ನೋಡಿಕೊಂಡು, ಮೊದಲೇ ಅಳೆದಿಟ್ಟ ಲೆಕ್ಕದ ಪ್ರಕಾರ ಅದು ಕೆಲಸ ಮಾಡುತ್ತದೆ. ಪೂರ್ತಿ ನುಣ್ಣಗೆ ಮಾಡಬೇಡಿ, ಕಂಬದ ಕೆತ್ತನೆಯೂ ಮೇಣದಂತಾಗುತ್ತದೆ.

ಇನ್ನು ಹಾಳಾಗುವ ಭಯ. ಮೂಲ ಫೈಲಿನ ಚಿತ್ರವನ್ನು ಡಾರ್ಕ್‌ಟೇಬಲ್ ಬದಲಿಸುವುದಿಲ್ಲ. ನೀವು ಮಾಡಿದ್ದೆಲ್ಲ ಅದರ ಡೇಟಾಬೇಸಿನಲ್ಲಿ, ಜೊತೆಗೆ ರಾ ಪಕ್ಕದಲ್ಲೇ ಇಡುವ ಎಕ್ಸ್‌ಎಂಪಿ ಅನ್ನೋ ಸಣ್ಣ ಫೈಲಿನಲ್ಲಿ ಕೂರುತ್ತದೆ. ಕೆಲವರು ಈ ಎಕ್ಸ್‌ಎಂಪಿಯನ್ನು ಕಸ ಅಂತ ಅಳಿಸಿಬಿಡುತ್ತಾರೆ. ಬ್ಯಾಕಪ್ ಮಾಡುವಾಗ ರಾ ಜೊತೆ ಅದೂ ಹೋಗಬೇಕು. ಫೋಟೋಗಳನ್ನು ಬೇರೆ ಫೋಲ್ಡರಿಗೆ ಸಾಗಿಸುವುದನ್ನೂ ಡಾರ್ಕ್‌ಟೇಬಲ್ ಒಳಗಿನಿಂದಲೇ ಮಾಡಿ. ಹೊರಗಿನ ಫೈಲ್ ಮ್ಯಾನೇಜರಿನಿಂದ ಸರಿಸಿದರೆ ಫೋಟೋ ಜಾಗದಲ್ಲಿ ತಲೆಬುರುಡೆ ಕಾಣಿಸುತ್ತದೆ! ಗಾಬರಿ ಬೇಡ. ಫೋಟೋ ಹೋಗಿಲ್ಲ, ಅದಕ್ಕೆ ದಾರಿ ತಪ್ಪಿದೆ ಅಷ್ಟೆ. ಎಕ್ಸ್‌ಎಂಪಿ ಜೊತೆಗಿದ್ದರೆ ಹೊಸ ಜಾಗದಿಂದ ಮತ್ತೆ ಇಂಪೋರ್ಟ್ ಮಾಡಿ, ಎಡಿಟ್ ಸಮೇತ ಬರುತ್ತದೆ. ರಾಥೆರಪಿ ಮಾತ್ರ ಎಡಿಟ್‌ಗಳಿಗೆ ತನ್ನದೇ ಪಿಪಿ3 ಫೈಲ್ ಇಡುತ್ತದೆ. ಒಂದರಲ್ಲಿ ಮಾಡಿದ ಎಡಿಟ್ ಇನ್ನೊಂದಕ್ಕೆ ಬರುವುದಿಲ್ಲ, ಹಾಗಾಗಿ ಯಾವುದಾದರೂ ಒಂದನ್ನು ಹಿಡಿದುಕೊಳ್ಳಿ.