ಪಂದಿ ಕರಿ ತಿಂದರೆ ಮೊಡವೆ ಬರುತ್ತಾ?

ಪ್ರಶ್ನೆ: ನನ್ನ ಮಗ ಒಂಬತ್ತನೇ ಕ್ಲಾಸು. ನಮ್ಮ ಕೊಡಗಿನ ಕೈಲ್‌ಪೊಳ್ದ್ ಹಬ್ಬಕ್ಕೆ ಪಂದಿ ಕರಿ (ಹಂದಿ ಮಾಂಸದ ಸಾರು) ತಿಂದು ಒಂದು ವಾರಕ್ಕೆ ಹಣೆ ತುಂಬಾ ಮೊಡವೆ ಎದ್ದಿದೆ. ಹಂದಿ ಮಾಂಸ ಉಷ್ಣ, ಅದರ ಕೊಬ್ಬೇ ಮುಖದಲ್ಲಿ ಬರೋದು ಅಂತ ಅತ್ತೆ ಹೇಳ್ತಾರೆ. ನಿಲ್ಲಿಸಬೇಕಾ?

ಉತ್ತರ: ನಿಲ್ಲಿಸಬೇಕಾಗಿಲ್ಲ. ಈ ಪ್ರಶ್ನೆ ಪ್ರತಿ ಸೆಪ್ಟೆಂಬರಿನಲ್ಲಿ ಬರುತ್ತದೆ, ಸುಗ್ಗಿ ಹಬ್ಬ ಪುತ್ತರಿ ಮುಗಿದ ಮೇಲೆ ಮತ್ತೊಮ್ಮೆ ಬರುತ್ತದೆ. ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುವವಳು ನಾನು. ಗೇಟಿನ ಹತ್ತಿರ, ಬಸ್‌ಸ್ಟ್ಯಾಂಡಿನಲ್ಲಿ, ಮದುವೆ ಊಟದ ಸಾಲಿನಲ್ಲಿ ಇದಕ್ಕೆ ಉತ್ತರ ಹೇಳಿ ಹೇಳಿ ಸಾಕಾಗಿದೆ. ಈ ಸಲ ಪೂರ್ತಿ ಬರೆದೇ ಬಿಡುತ್ತೇನೆ.

ಮೊದಲು ಮೊಡವೆ ಅಂದರೇನು ನೋಡೋಣ. ನಮ್ಮ ಚರ್ಮದಲ್ಲಿ ಕೂದಲಿನ ಬುಡಕ್ಕೆ ಅಂಟಿಕೊಂಡು ಚಿಕ್ಕ ಚಿಕ್ಕ ಎಣ್ಣೆ ಗ್ರಂಥಿಗಳಿವೆ. ಹರೆಯ ಬಂದಾಗ ಆಂಡ್ರೊಜೆನ್ ಅನ್ನುವ ಗಂಡು ಹಾರ್ಮೋನುಗಳು ಏರುತ್ತವೆ. ಹುಡುಗರಲ್ಲಿ ಮಾತ್ರ ಅಲ್ಲ, ಹುಡುಗಿಯರಲ್ಲೂ. ಆಗ ಗ್ರಂಥಿ ದೊಡ್ಡದಾಗಿ ಎಣ್ಣೆ ಜಾಸ್ತಿ ಸುರಿಸುತ್ತದೆ. ಅದೇ ಹೊತ್ತಿಗೆ ರಂಧ್ರದ ಒಳಗಿನ ಸತ್ತ ಜೀವಕೋಶಗಳು ಸರಿಯಾಗಿ ಉದುರದೆ ಬಿರಡೆಯ ಹಾಗೆ ಕೂರುತ್ತವೆ. ಹಿಂದೆ ಎಣ್ಣೆ ನಿಲ್ಲುತ್ತದೆ. ಚರ್ಮದಲ್ಲಿ ಮೊದಲೇ ಇರುವ ಒಂದು ಬ್ಯಾಕ್ಟೀರಿಯಾ ಅಲ್ಲಿ ಬೆಳೆಯುತ್ತದೆ. ಸುತ್ತ ಕೆಂಪಾಗಿ ಊದಿಕೊಳ್ಳುತ್ತದೆ. ಅಷ್ಟೇ. ಮೂಗಿನ ಮೇಲಿನ ಕಪ್ಪು ಚುಕ್ಕೆ ಕೂಡ ಕೊಳೆಯಲ್ಲ. ಅದು ಆ ಬಿರಡೆಯ ತುದಿ, ಗಾಳಿ ತಾಗಿ ಕಪ್ಪಾಗಿದೆ. ಉಜ್ಜಿದರೆ ಹೋಗುವುದಿಲ್ಲ.

ಈಗ ಹಂದಿ ಮಾಂಸದ ವಿಷಯ. ಮೊದಲು ಕ್ಯಾಲೆಂಡರ್ ನೋಡಿ. ಕಣ್ಣಿಗೆ ಕಾಣುವ ಮೊಡವೆ ಹುಟ್ಟುವುದು ಅದು ಕಾಣಿಸುವ ಎಷ್ಟೋ ವಾರ ಮೊದಲು. ರಂಧ್ರದ ಒಳಗೆ ಸೂಜಿಮೊನೆಯಷ್ಟು ಬಿರಡೆ ಕಟ್ಟಿ, ನಿಧಾನಕ್ಕೆ ಬೆಳೆದು, ಆಮೇಲೆ ಊದುತ್ತದೆ. ಹಬ್ಬದ ದಿನ, ಸೆಪ್ಟೆಂಬರ್ 3ರಂದು, ಅಕ್ಕಿತರಿಯ ಉಂಡೆ ಕಡಂಬಿಟ್ಟಿನ ಜೊತೆ ತಿಂದ ಪಂದಿ ಕರಿ 10ನೇ ತಾರೀಕಿನ ಮೊಡವೆಯನ್ನು ಹೇಗೆ ಶುರು ಮಾಡುತ್ತದೆ? ಆ ಮೊಡವೆ ಜುಲೈ-ಆಗಸ್ಟಿನ ಆಟಿ ಮಳೆ ಸುರಿಯುವಾಗಲೇ ಒಳಗೆ ಕೂತಾಗಿತ್ತು.

ಇನ್ನು ಕೊಬ್ಬು. ತಿಂದ ಕೊಬ್ಬು ಕರುಳಿನಲ್ಲಿ ಪಿತ್ತರಸದ ಜೊತೆ ಸೇರಿ ಒಡೆದು, ರಕ್ತಕ್ಕೆ ಹೋಗಿ, ದೇಹಕ್ಕೆ ಇಂಧನವಾಗುತ್ತದೆ ಅಥವಾ ಸೊಂಟದ ಸುತ್ತ ಶೇಖರವಾಗುತ್ತದೆ. ಬಾಣಲೆಯ ಎಣ್ಣೆ ಹಾಗೇ ಮುಖಕ್ಕೆ ಬಂದು ಸೋರುವ ದಾರಿ ದೇಹದಲ್ಲಿಲ್ಲ. ಮುಖದ ಎಣ್ಣೆಯನ್ನು ಆ ಗ್ರಂಥಿಯೇ ತಯಾರಿಸುತ್ತದೆ. ಅದರಲ್ಲಿ ಸೇಪಿಯೆನಿಕ್ ಆಮ್ಲ ಅಂತ ಒಂದಿದೆ. ಮನುಷ್ಯನ ಚರ್ಮದ ಎಣ್ಣೆಯಲ್ಲಿ ಅದು ಎಷ್ಟು ವಿಶೇಷ ಅಂದರೆ, ಹೋಮೋ ಸೇಪಿಯನ್ಸ್ ಅನ್ನುವ ನಮ್ಮ ಹೆಸರನ್ನೇ ಅದಕ್ಕಿಟ್ಟಿದ್ದಾರೆ. ಹಂದಿ ಕೊಬ್ಬಿನಲ್ಲಿ ಹೆಚ್ಚಾಗಿ ಇರುವುದು ಓಲಿಯಿಕ್ ಮತ್ತು ಪಾಮಿಟಿಕ್ ಆಮ್ಲ. ಎರಡೂ ಬೇರೆ ಬೇರೆ ಎಣ್ಣೆ.

ಇದನ್ನು ಮಕ್ಕಳ ಕೈಯಲ್ಲೇ ಮಾಡಿಸಿ ತೋರಿಸಿದ್ದೇನೆ. ಬೆಳಗ್ಗೆ ಎಲ್ಲರೂ ಸೋಪು ಹಾಕಿ ಮುಖ ತೊಳೆದರು. 12 ಗಂಟೆಗೆ ಒಂದೊಂದು ಟಿಶ್ಯೂ ಪೇಪರ್ ಹಣೆ, ಮೂಗಿಗೆ ಒತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಒಂಬತ್ತನೇ ಕ್ಲಾಸಿನವರ ಪೇಪರ್ ಎಣ್ಣೆ ತಾಗಿ ಅಲ್ಲಲ್ಲಿ ಗಾಜಿನ ಹಾಗೆ ಕಂಡಿತು. ಪಕ್ಕದ ಐದನೇ ಕ್ಲಾಸಿನವರದು ಹೆಚ್ಚುಕಡಿಮೆ ಒಣಗಿತ್ತು. ಅವರಲ್ಲಿ ಒಂದೇ ಮನೆಯ ಅಣ್ಣ ತಮ್ಮ ಇದ್ದರು. ಒಂದೇ ಪಾತ್ರೆಯ ಪಂದಿ ಕರಿ ತಿಂದವರು. ಅಣ್ಣನ ಪೇಪರ್ ಒದ್ದೆ, ತಮ್ಮನದು ಒಣ. ಎಲ್ಲಕ್ಕಿಂತ ಎಣ್ಣೆಯಾಗಿದ್ದು ಮಾಂಸವನ್ನೇ ಮುಟ್ಟದ ಮನೆಯ ಹುಡುಗಿಯದು. ಅವತ್ತು ಮಕ್ಕಳ ಮುಖ ನೋಡಬೇಕಿತ್ತು. ಪಾಠ ಮಾಡಿದ್ದಕ್ಕೆ ಸಾರ್ಥಕ ಅನ್ನಿಸಿತು.

ಹಾಗಂತ ಊಟಕ್ಕೂ ಮೊಡವೆಗೂ ಸಂಬಂಧವೇ ಇಲ್ಲ ಅನ್ನುತ್ತಿಲ್ಲ. ಸಕ್ಕರೆ, ಮೈದಾ, ಬಾಟಲಿ ಪಾನೀಯದಂಥವು ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತವೆ. ಕೆಲವರಿಗೆ ಇವುಗಳಿಂದ ಮೊಡವೆ ಹೆಚ್ಚುತ್ತದೆ. ಜಿಮ್ಮಿಗೆ ಹೋಗುವ ಹುಡುಗರು ಕುಡಿಯುವ ವೇ ಪ್ರೋಟೀನ್ ಪುಡಿಯಿಂದಲೂ ಹಾಗಾಗುತ್ತದೆ. ಬೇಕರಿಯ ಪಫ್ಸ್ ಕೈಗಿಟ್ಟು ಹಬ್ಬದ ಪಂದಿ ಕರಿಯನ್ನು ಕಿತ್ತುಕೊಳ್ಳುವುದು ಮಗುವಿಗೆ ಅನ್ಯಾಯ ಅಲ್ವಾ?

ಮಾಡಬೇಕಾದ್ದು ಕಡಿಮೆಯೇ ಇದೆ. ದಿನಕ್ಕೆ ಎರಡು ಸಲ ಸೌಮ್ಯವಾದ ಫೇಸ್‌ವಾಶ್, ಉಗುರುಬೆಚ್ಚಗಿನ ನೀರು. ಮಳೆಗಾಲದಲ್ಲಿ ಹಂಡೆಯ ಕುದಿ ನೀರು ಮುಖಕ್ಕೆ ಬೇಡ. ತಲೆಗೆ ಹಚ್ಚಿದ ತೆಂಗಿನೆಣ್ಣೆ ಹಣೆಗೆ ಇಳಿಯದಿರಲಿ. ನಿಂಬೆರಸ, ಟೂತ್‌ಪೇಸ್ಟ್, ಕಿತ್ತಳೆ ಸಿಪ್ಪೆ ಪುಡಿಯ ಉಜ್ಜಾಟ ಬೇಡ. ಸಣ್ಣ ಮೊಡವೆಗೆ 2.5 ಶೇಕಡಾ ಬೆಂಜಾಯಿಲ್ ಪೆರಾಕ್ಸೈಡ್ ಜೆಲ್ ಸಾಕಾಗುತ್ತದೆ. ಜೆಲ್ ತಾಗಿದರೆ ಟವೆಲ್ ಬಣ್ಣ ಬಿಡುತ್ತದೆ, ಹಳೇದು ಇಟ್ಟುಕೊಳ್ಳಿ. ಫಲ ಕಾಣಲು 8ರಿಂದ 12 ವಾರ ಬೇಕು. ಮಕ್ಕಳು ಹತ್ತೇ ದಿನಕ್ಕೆ ಬಿಟ್ಟುಬಿಡುತ್ತಾರೆ, ನೀವು ಬಿಡಿಸಬೇಡಿ.

ಒಂದು ಮಾತು ಮಾತ್ರ ದಯವಿಟ್ಟು ಕೇಳಿ. ಬೆಳ್ಳಗಾಗಲು ಅಂತ ಯಾರೋ ಕೊಟ್ಟ ಸ್ಟೀರಾಯ್ಡ್ ಕ್ರೀಮನ್ನು ಮಗುವಿನ ಮುಖಕ್ಕೆ ಹಚ್ಚಬೇಡಿ. ಟ್ಯೂಬಿನ ಮೇಲೆ ಬೀಟಾಮೆಥಾಸೋನ್, ಕ್ಲೋಬೆಟಾಸಾಲ್ ಅಂತ ಇದ್ದರೆ ಪಕ್ಕಕ್ಕಿಡಿ. ನಾಲ್ಕು ದಿನ ಮುಖ ಹೊಳೆಯುತ್ತದೆ, ಆಮೇಲೆ ಚರ್ಮ ತೆಳುವಾಗಿ ಮೊಡವೆ ದುಪ್ಪಟ್ಟಾಗುತ್ತದೆ. ಗಂಟು ಗಂಟಾಗಿ ನೋಯುತ್ತಿದ್ದರೆ, ಗುಳಿ ಬೀಳುತ್ತಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ. ಹುಡುಗಿಯರಿಗೆ ಮೊಡವೆಯ ಜೊತೆ ಮುಟ್ಟೂ ಏರುಪೇರಾಗುತ್ತಿದ್ದರೆ ಅದನ್ನೂ ಹೇಳಿ.

ನೀವು ಕೇಳದಿದ್ದರೂ ಕಲೆಯ ಬಗ್ಗೆ ಹೇಳಿಬಿಡುತ್ತೇನೆ, ಯಾಕೆಂದರೆ ಮೊಡವೆ ಹೋದ ಮೇಲೆ ಮಕ್ಕಳು ಅಳುವುದು ಅದಕ್ಕೆ. ಚಿವುಟಿದ ಕಡೆ ಕಪ್ಪು ಕಲೆ ಹೆಚ್ಚು ಉಳಿಯುತ್ತದೆ. ತಿಂಗಳುಗಳಲ್ಲಿ ಅದು ತಾನಾಗಿ ಮಾಸುತ್ತದೆ, ಬಿಸಿಲು ಬಿದ್ದರೆ ಬೇಗ ಮಾಸುವುದಿಲ್ಲ. ನಮ್ಮಲ್ಲಿ ಮೋಡ, ಬಿಸಿಲೆಲ್ಲಿ ಅನ್ನಬೇಡಿ. ನೇರಳಾತೀತ ಕಿರಣ ಮೋಡ ದಾಟಿ ಬರುತ್ತದೆ. ಎತ್ತರಕ್ಕೆ ಹೋದಷ್ಟೂ ಅದು ಹೆಚ್ಚು. ಮಡಿಕೇರಿ 1100 ಮೀಟರಿಗೂ ಮೇಲಿದೆ. ಎಸ್‌ಪಿಎಫ್ 30ರ ಜೆಲ್ ಸನ್‌ಸ್ಕ್ರೀನ್ ತನ್ನಿ, ಜಿಡ್ಡಿನದು ಬೇಡ. ಮಗ ಹಾಕಿ ಆಟಗಾರನಾದರೆ ಬೆವರು ಒರೆಸಿ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿಕೊಳ್ಳಲಿ.