ಎಳೆತದ ಗೆರೆ: ನೇಗಿಲಿನ ಆಳ ತೀರ್ಮಾನವಾಗುವುದು ಎಲ್ಲಿ?

ಉಳುವುದನ್ನು ದೂರದಿಂದ ನೋಡಿದರೆ ಎಲ್ಲಾ ಕೆಲಸ ಮೇಳಿ, ಅಂದರೆ ನೇಗಿಲಿನ ಹಿಡಿ, ಹಿಡಿದವನದ್ದೇ ಅನ್ನಿಸುತ್ತದೆ. ಒತ್ತಿದರೆ ಆಳ, ಸಡಿಲ ಬಿಟ್ಟರೆ ಮೇಲೆ, ಅಷ್ಟೇ ಅಲ್ವಾ? ಹಾಗಿದ್ದಿದ್ದರೆ ಅರ್ಧ ಎಕರೆ ಮುಗಿಯುವಷ್ಟರಲ್ಲಿ ರಟ್ಟೆ ಬಿದ್ದುಹೋಗುತ್ತಿತ್ತು. ಮಣ್ಣು ಸೀಳುವ ಕಬ್ಬಿಣದ ಮೊನೆ, ಅಂದರೆ ಗುಳ, ಎಷ್ಟು ಇಳಿಯಬೇಕು ಅನ್ನುವುದು ನೊಗ ಕಟ್ಟುವಾಗಲೇ ಮುಕ್ಕಾಲು ಪಾಲು ಗೊತ್ತಾಗಿರುತ್ತದೆ. ಅದನ್ನು ಗೊತ್ತುಮಾಡುವುದೇ ಎಳೆತದ ಗೆರೆ.

ಇದು ಕಣ್ಣಿಗೆ ಕಾಣುವ ಗೆರೆ ಅಲ್ಲ. ಮಣ್ಣಿನೊಳಗೆ ಗುಳಕ್ಕೆ ತಡೆ ಬೀಳುವ ಜಾಗ ಒಂದು ತುದಿ. ಎತ್ತಿನ ಹೆಗಲು ಇನ್ನೊಂದು ತುದಿ. ಎರಡರ ನಡುವೆ ಮನಸ್ಸಿನಲ್ಲೇ ಒಂದು ನೇರ ದಾರ ಕಟ್ಟಿಕೊಳ್ಳಿ. ಎಳೆತ ಸಾಗುವುದು ಆ ದಾರದ ಮೇಲೆ. ನೇಗಿಲಿನ ಹೊಂದಿಕೆ ಅಂದರೆ ಈ ದಾರಕ್ಕೆ ಗುಳ ಯಾವ ಕೋನದಲ್ಲಿ ನಿಲ್ಲಬೇಕು ಅನ್ನುವುದನ್ನು ಸರಿ ಮಾಡಿಕೊಳ್ಳುವುದು.

ನಮ್ಮ ಮರದ ನೇಗಿಲನ್ನೇ ತೆಗೆದುಕೊಳ್ಳಿ. ಗುಳ ಕೂರುವ ದಪ್ಪ ಮರ, ಅದರಿಂದ ಮುಂದಕ್ಕೆ ನೊಗದವರೆಗೆ ಹೋಗುವ ಉದ್ದನೆಯ ಈಸು, ಹಿಂದೆ ಮೇಳಿ. ಹೆಸರುಗಳು ಊರಿಂದೂರಿಗೆ ಸ್ವಲ್ಪ ಬದಲಾಗುತ್ತವೆ, ಕೆಲಸ ಒಂದೇ. ಈಸಿನ ತುದಿಯಲ್ಲಿ ಒಂದರ ಹಿಂದೆ ಒಂದು ಕಚ್ಚು ಕೊರೆದಿರುತ್ತಾರೆ. ಮಿಣಿ ಹಾಕಿ ನೊಗ ಬಿಗಿಯುವುದು ಅವುಗಳಲ್ಲಿ ಯಾವುದಾದರೂ ಒಂದಕ್ಕೆ. ನೋಡಿದವರಿಗೆ ಹಗ್ಗ ಜಾರದಿರಲಿ ಅಂತ ಮಾಡಿದ ಹಾಗೆ ಕಾಣುತ್ತದೆ. ಅದೂ ಹೌದು, ಆದರೆ ಆಳ ಹೆಚ್ಚು ಕಡಿಮೆ ಮಾಡುವ ಗೇರ್ ಕೂಡ ಅದೇ.

ಲೆಕ್ಕ ಹಾಕಿ ನೋಡೋಣ. ನೊಗ ನೆಲದಿಂದ 4 ಅಡಿ ಮೇಲಿದೆ, ಗುಳದಿಂದ ನೊಗಕ್ಕೆ ಈಸಿನ ಉದ್ದಕ್ಕೂ 8 ಅಡಿ ಇದೆ ಅಂದುಕೊಳ್ಳಿ. ಆಗ ಈಸು ನೆಲಕ್ಕೆ 30 ಡಿಗ್ರಿ ಓರೆ. ನೊಗವನ್ನು ಒಂದಡಿ ಹಿಂದಕ್ಕೆ ತಂದು 7 ಅಡಿಗೆ ಕಟ್ಟಿದರೆ ಓರೆ ಸುಮಾರು 35 ಡಿಗ್ರಿ ಆಗುತ್ತದೆ. ಈಸು ಮತ್ತು ಗುಳ ಒಂದಕ್ಕೊಂದು ಬಿಗಿಯಾಗಿ ಕೂತಿರುವುದರಿಂದ ಈಸು ಎದ್ದಷ್ಟೇ ಗುಳದ ಮೂತಿಯೂ ಏಳುತ್ತದೆ, ನೇಗಿಲು ಮೇಲ್ಮೇಲೆ ಕೆರೆಯುತ್ತಾ ಹೋಗುತ್ತದೆ. ತುದಿಯ ಕಚ್ಚಿಗೆ ಕಟ್ಟಿ, ಈಸು ಮಲಗುತ್ತದೆ, ಗುಳ ನೆಲಕ್ಕೆ ಕಚ್ಚುತ್ತದೆ. ಉದ್ದ ಕಟ್ಟಿದರೆ ಆಳ, ಗಿಡ್ಡ ಕಟ್ಟಿದರೆ ತೇಲು.

ಹಾಗಾಗಿ ಪಕ್ಕದ ಮನೆಯವರ ಎತ್ತು ತಂದು ನಮ್ಮ ನೇಗಿಲಿಗೆ ಕಟ್ಟಿದರೆ ನೇಗಿಲಿನ ಗುಣವೇ ಬದಲಾಗಬಹುದು. ಎತ್ತರದ ಎತ್ತಾದರೆ ಈಸು ಮೇಲೇಳುತ್ತದೆ, ಗುಳ ತೇಲುತ್ತದೆ. ಗಿಡ್ಡ ಎತ್ತಾದರೆ ಬೇಕಾದ್ದಕ್ಕಿಂತ ಜಾಸ್ತಿ ಇಳಿದು, ಎತ್ತು ನಾಲ್ಕು ಹೆಜ್ಜೆಗೇ ಏದುಸಿರು ಬಿಡುತ್ತದೆ. ಪಾಪ, ಎತ್ತು ಸೋಮಾರಿ ಅಂತ ಬಾರುಕೋಲು ಎತ್ತುವ ಮೊದಲು ಮಿಣಿ ಎಲ್ಲಿ ಕಟ್ಟಿದೆ ನೋಡುವುದು ವಾಸಿ.

ಇನ್ನೊಂದು ಹಿಡಿತ ಬೆಣೆ. ಈಸು ಕೆಳಗಿನ ಮರಕ್ಕೆ ಸೇರುವ ತೂತಿನಲ್ಲಿ ಬೆಣೆ ಬಡಿದು ಇವೆರಡರ ಕೋನವನ್ನೇ ಬದಲಿಸಬಹುದು. ಕೋನ ಅಗಲವಾದರೆ ಮೂತಿ ತಗ್ಗುತ್ತದೆ, ಕಿರಿದಾದರೆ ಏಳುತ್ತದೆ. ದಿನಕ್ಕೊಂದು ಸಲ ಮಾಡುವ ಕೆಲಸ ಅಲ್ಲ ಇದು, ಬಡಗಿ ಒಮ್ಮೆ ಕೂರಿಸಿಕೊಟ್ಟರೆ ಸಾಮಾನ್ಯವಾಗಿ ಹಾಗೇ ನಡೆಯುತ್ತದೆ.

ಯುರೋಪ್, ಅಮೆರಿಕದ ಕುದುರೆ ನೇಗಿಲಿನಲ್ಲಿ ನಡುವಿನ ಮರ ಹೆಗಲ ತನಕ ಹೋಗುವುದಿಲ್ಲ. ಅರ್ಧಕ್ಕೇ ನಿಲ್ಲುತ್ತದೆ, ಅಲ್ಲಿಂದ ಮುಂದೆ ಸರಪಳಿ. ಮರದ ತುದಿಯಲ್ಲಿ ಮೇಲಿಂದ ಕೆಳಕ್ಕೆ ಸಾಲಾಗಿ ತೂತುಗಳಿರುವ ಒಂದು ಕಬ್ಬಿಣದ ಕೊಂಡಿ, ಇಂಗ್ಲಿಷಿನವರು ಕ್ಲೆವಿಸ್ ಅನ್ನುವುದು ಇದನ್ನೇ. ಸರಪಳಿಯನ್ನು ಮೇಲಿನ ತೂತಿಗೆ ಹಾಕಿದರೆ ಎಳೆತ ನೇರವಾಗುವ ತನಕ ಮರದ ತುದಿ ಕೆಳಗಿಳಿಯುತ್ತದೆ, ಅಂದರೆ ಆಳ. ಕೆಳಗಿನ ತೂತಿಗೆ ಹಾಕಿದರೆ ತೇಲು. ಅಕ್ಕಪಕ್ಕಕ್ಕೂ ಇದೇ ಆಟ. ಮಣ್ಣನ್ನು ಬಲಕ್ಕೆ ಮಗುಚುವ ನೇಗಿಲಾದರೆ, ಕೊಂಡಿಯನ್ನು ಬಲಕ್ಕೆ ಸರಿಸಿದಾಗ ಮೂತಿ ಎಡಕ್ಕೆ ತಿರುಗಿ ಸಾಲು ಅಗಲವಾಗುತ್ತದೆ.

ತಮಾಷೆ ಏನು ಗೊತ್ತಾ? ಹಿಡಿ ಒತ್ತುವುದರ ಫಲ ಇವೆರಡರಲ್ಲಿ ಉಲ್ಟಾ. ಮರದ ನೇಗಿಲಿನಲ್ಲಿ ಈಸು ಗಟ್ಟಿ ಕೋಲು, ಅದರ ಕೀಲು ನೊಗದ ಹತ್ತಿರ ಇದೆ. ಹಿಂದೆ ಒತ್ತಿದರೆ ಇಡೀ ನೇಗಿಲು ಒಂದಿಷ್ಟು ಕೆಳಗೆ ಹೋಗುತ್ತದೆ. ಸರಪಳಿ ನೇಗಿಲಿನಲ್ಲಿ ಹಾಗೆ ಒತ್ತಿದರೆ ನೇಗಿಲಿನ ತಳದ ಹಿಂತುದಿಯ ಮೇಲೆ ಅದು ತಿರುಗಿ ಮೂತಿ ಮೇಲೇಳುತ್ತದೆ. ಆಳ ಬೇಕಿದ್ದರೆ ಹಿಡಿಯನ್ನು ಸ್ವಲ್ಪ ಎತ್ತಬೇಕು. ಆ ನೇಗಿಲು ಹಿಡಿದವನು ದಿನವಿಡೀ ಹಿಡಿ ಎತ್ತಿಕೊಂಡೇ ನಡೆಯುತ್ತಿದ್ದಾನೆ ಅಂದರೆ ಸರಪಳಿ ಇರುವ ತೂತು ತಪ್ಪು.

ನೇಗಿಲಿನ ರೂಪದ ಬಗ್ಗೆ ತಲೆ ಕೆಡಿಸಿಕೊಂಡವರು ಬಹಳ ಜನ. ಸ್ಕಾಟ್ಲೆಂಡಿನ ಜೇಮ್ಸ್ ಸ್ಮಾಲ್ 1760ರ ದಶಕದಲ್ಲಿ ಮಣ್ಣು ಮಗುಚುವ ರೆಕ್ಕೆಯ ಬಾಗು ತಿದ್ದಿದ. ಮುಂದೆ ಅಮೆರಿಕದ ಅಧ್ಯಕ್ಷನಾದ ಥಾಮಸ್ ಜೆಫರ್ಸನ್ ಅದೇ ರೆಕ್ಕೆಯನ್ನು ಯಾರು ಬೇಕಾದರೂ ಅಳತೆ ಹಿಡಿದು ಕೆತ್ತಬಹುದಾದ ಕ್ರಮ ಹುಡುಕಿದ. ಚಾರ್ಲ್ಸ್ ನ್ಯೂಬೋಲ್ಡ್ 1797ರಲ್ಲಿ ಎರಕದ ಕಬ್ಬಿಣದ ನೇಗಿಲಿಗೆ ಅಮೆರಿಕದಲ್ಲಿ ಪೇಟೆಂಟ್ ತೆಗೆದ. ಕಬ್ಬಿಣ ತಗುಲಿದರೆ ನೆಲ ವಿಷವಾಗುತ್ತದೆ ಅಂತ ಅಲ್ಲಿನ ರೈತರು ಹತ್ತಿರ ಸೇರಿಸಲಿಲ್ಲ. ನೂರು ವರ್ಷ ಕಳೆದ ಮೇಲೆ ನಮ್ಮ ಬೆಳಗಾವಿಯಲ್ಲೂ ಅದೇ ಕಥೆ. ಸೈಕಲ್ ಅಂಗಡಿ ಇಟ್ಟಿದ್ದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಕಬ್ಬಿಣದ ನೇಗಿಲು ಮಾಡಿದಾಗ ಅದೇ ಮಾತು ಕೇಳಿಬಂತು, ಮೊದಲ ನೇಗಿಲು ಮಾರಲು ಎರಡು ವರ್ಷ ಹಿಡಿಯಿತು. ಮರದ ನೇಗಿಲಿನ ತುದಿಯಲ್ಲಿ ಇದ್ದದ್ದೂ ಕಬ್ಬಿಣದ ಗುಳವೇ ಅನ್ನುವುದು ಯಾರಿಗೂ ಹೊಳೆಯಲಿಲ್ಲವೋ ಏನೋ!

ಈಗ ಟ್ರ್ಯಾಕ್ಟರ್ ಕಾಲ. ಅದರ ಹಿಂಬದಿಗೆ ಮೂರು ಕಡೆ ಸಿಕ್ಕಿಸುವ ರೆಕ್ಕೆ ನೇಗಿಲಿನಲ್ಲಿ ಮೇಲೆ ಟಾಪ್ ಲಿಂಕ್ ಅನ್ನುವ ಸರಳು ಇರುತ್ತದೆ. ಅದನ್ನು ತಿರುಗಿಸಿ ಗಿಡ್ಡ ಮಾಡಿದರೆ ನೇಗಿಲಿನ ಮೂತಿ ತಗ್ಗಿ ಗುಳ ಕಚ್ಚುತ್ತದೆ, ಉದ್ದ ಮಾಡಿದರೆ ಏಳುತ್ತದೆ. ಈಸಿನ ಲೆಕ್ಕಕ್ಕೆ ಇದು ತಿರುಗುಮುರುಗು, ಮನೆಯ ಹಿರಿಯರು ಹೇಳಿದ್ದನ್ನು ಹಾಗೇ ಇಲ್ಲಿ ಮಾಡಲು ಹೋಗಬೇಡಿ.