ಮಾಡೆಲ್ ಹೆಸರು ಸಾಲದು, ಪ್ಲೇಟಿನ ಸೀರಿಯಲ್ ನಂಬರ್ ತನ್ನಿ

ಮಂಡ್ಯದಲ್ಲಿ ಟ್ರ್ಯಾಕ್ಟರ್ ಬಿಡಿಭಾಗ ಮಾರುವುದು ನನ್ನ ಕೆಲಸ. ಪಾರ್ಟ್ಸ್ ಕ್ಯಾಟಲಾಗ್ ತೆಗೆದರೆ ಸಾಕು, ಅಂಗಡಿಗೆ ಬಂದವರು ‘ರೇಟ್ ನೋಡ್ತಾ ಇದ್ದೀರಾ ಅಣ್ಣ?’ ಅಂತ ಕೇಳುತ್ತಾರೆ. ರೇಟಿನ ಪುಸ್ತಕ ಬೇರೆ. ಶೋರೂಮಿನಲ್ಲಿ ಕೊಡುವ ಬಣ್ಣದ ಕ್ಯಾಟಲಾಗೂ ಬೇರೆ, ಅದು ಗಾಡಿ ಮಾರುವುದಕ್ಕೆ. ಪಾರ್ಟ್ಸ್ ಕ್ಯಾಟಲಾಗ್‌ನಲ್ಲಿ ಗೇರ್‌ಬಾಕ್ಸ್ ಬಿಚ್ಚಿ, ಒಂದೊಂದು ವಾಷರನ್ನೂ ಜೋಡಿಸುವ ಕ್ರಮದಲ್ಲೇ ಹರಡಿಟ್ಟ ಹಾಗೆ ಚಿತ್ರ ಇರುತ್ತದೆ. ಪಕ್ಕದ ಪಟ್ಟಿಯಲ್ಲಿ ಪಾರ್ಟ್ ನಂಬರ್, ಎಷ್ಟು ಬೇಕು ಅನ್ನುವ ಲೆಕ್ಕ.

ನಾನು ಹೇಳಿ ಹೇಳಿ ಸಾಕಾಗಿರುವುದು ಷರಾ ಕಾಲಂ ಬಗ್ಗೆ. ‘ಈ ಸೀರಿಯಲ್ ನಂಬರಿನವರೆಗೆ ಇದು, ಅಲ್ಲಿಂದ ಮುಂದಕ್ಕೆ ಅದು’ ಅಂತ ಅಲ್ಲಿ ಬರೆದಿರುತ್ತದೆ. ಕಂಪನಿಯವರು ಮಾಡೆಲ್ ಹೆಸರು ಹಾಗೇ ಇಟ್ಟು ಒಳಗಿನ ಭಾಗ ಬದಲಿಸುತ್ತಾರೆ. ಅಣ್ಣ ತಮ್ಮ ಇಬ್ಬರ ಗಾಡಿಗೂ ಒಂದೇ ಹೆಸರು, ಒಂದೇ ಬಣ್ಣ, ಒಂದೇ ಎಚ್‌ಪಿ ಇರಬಹುದು. ಆದರೂ ಅಣ್ಣನ ಗಾಡಿಯ ಭಾಗ ತಮ್ಮನದಕ್ಕೆ ಕೂರದೆ ಹೋಗಬಹುದು. ಅದಕ್ಕೇ ಕಂಪನಿಯವರು ಗಾಡಿಗೆ ಕೂರಿಸಿದ ಪ್ಲೇಟಿನ ಮೇಲಿನ ಸೀರಿಯಲ್ ನಂಬರ್ ಕೇಳುವುದು, ಸುಮ್ನೆ ಅಲ್ಲ.

ಬೇರಿಂಗ್ ಆದರೆ ಇಷ್ಟು ಕಷ್ಟವಿಲ್ಲ. ಅಂಚಿನಲ್ಲಿ 6205 ಅಂತ ಇದ್ದರೆ ಕೊನೆಯ 05ನ್ನು ಐದರಿಂದ ಗುಣಿಸಿ. ಒಳವ್ಯಾಸ 25 ಮಿ.ಮೀ. 6305ಕ್ಕೂ ಒಳಗೆ ಅದೇ 25, ಹೊರವ್ಯಾಸ 52ರ ಬದಲು 62. ಯಾವ ಕಂಪನಿಯದಾದರೂ ಅಳತೆ ಇದೇ.

ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕೂರುವ ಕ್ಲಚ್ ಪ್ಲೇಟ್ ಹಾಗಲ್ಲ. ಒಂದು ವರ್ಷ ನಾಲೆಗೆ ನೀರು ಬಿಟ್ಟ ವಾರವೇ ಪಾಂಡವಪುರ ಕಡೆಯ ಯಜಮಾನರೊಬ್ಬರು ಬಂದರು. ಕೈಯಲ್ಲಿ ಹಳೇ ಪ್ಲೇಟ್ ಇಲ್ಲ, ಫೋನಿನಲ್ಲಿ ಮಸುಕು ಫೋಟೋ. ‘ಅದೇ ಗಾಡಿದು ಕಣಪ್ಪ, ಎಲ್ಲಾರ್ ತಾವೂ ಐತಲ್ಲ’ ಅಂದರು. ಅವಸರ ನೋಡಿ ಕೊಟ್ಟುಬಿಟ್ಟೆ. ಕೊಡಬಾರದಿತ್ತು. ಪ್ಲೇಟಿನ ಅಗಲ ಸರಿಯಾಗಿತ್ತು, ನಡುವಿನ ತೂತಿನ ಹಲ್ಲುಗಳ ಲೆಕ್ಕ ಬೇರೆ. ಕ್ಲಚ್‌ಗೆ ಅಂತ ಟ್ರ್ಯಾಕ್ಟರನ್ನು ನಡುವಿಗೆ ಬಿಡಿಸಿ, ಎರಡು ತುಂಡಾಗಿ ಕೊಟ್ಟಿಗೆಯಲ್ಲಿ ನಿಲ್ಲಿಸಿದ್ದರು. ಒಟ್ಲಿನಲ್ಲಿ, ಅಂದರೆ ಸಸಿ ಮಡಿಯಲ್ಲಿ, ನಾಟಿಗೆ ಕಾದ ಪೈರು ಬಲಿಯುತ್ತಿತ್ತು. ಮಾರನೇ ದಿನ ಮತ್ತೆ ಬಸ್ಸು ಹತ್ತಿ ಬಂದ ಅವರ ಮುಖ ನೆನೆದರೆ ಈಗಲೂ ಸಂಕಟವಾಗುತ್ತದೆ.

ಆಮೇಲೆ ಅವರ ಮಗ ಸೀಮೆಎಣ್ಣೆ ಬಟ್ಟೆಯಲ್ಲಿ ಗಾಡಿಯ ಸೀರಿಯಲ್ ನಂಬರಿನ ಪ್ಲೇಟ್ ಉಜ್ಜಿ ಫೋಟೋ ಕಳಿಸಿದ. ಕ್ಯಾಟಲಾಗ್‌ನಲ್ಲಿ ಎರಡು ಸಾಲು, ಅವರದು ಎರಡನೆಯದು. ಎರಡು ನಿಮಿಷದ ಕೆಲಸ.

ಒಂದು ಎಚ್ಚರಿಕೆ. ಸೆಕೆಂಡ್‌ಹ್ಯಾಂಡ್ ಗಾಡಿಯಾದರೆ ಎಂಜಿನ್ ಬದಲಾಗಿರಬಹುದು. ಆಗ ಎಂಜಿನ್ ಮೇಲಿನ ನಂಬರೂ ಬೇಕು, ಸಾಧ್ಯವಾದರೆ ಹಳೇ ಭಾಗವನ್ನೂ ತನ್ನಿ. ಕೆಟ್ಟಿರುವುದು ಯಾವುದು ಅನ್ನುವುದನ್ನು ಕ್ಯಾಟಲಾಗ್ ಹೇಳುವುದಿಲ್ಲ, ಅದನ್ನು ಮೆಕ್ಯಾನಿಕ್ಕೇ ನೋಡಬೇಕು.

ಆ ಯಜಮಾನರು ಈಗ ಟೂಲ್‌ಬಾಕ್ಸ್ ಮುಚ್ಚಳದ ಒಳಗೆ ಬಿಳಿ ಪೇಂಟಿನಲ್ಲಿ ಎರಡೂ ನಂಬರ್ ಬರೆಸಿದ್ದಾರೆ. ಫೋನ್ ಮಾಡಿದರೆ ಮೊದಲು ಅದನ್ನೇ ಓದುತ್ತಾರೆ, ಆಮೇಲೆ ‘ಚೆನ್ನಾಗಿದ್ದೀಯಾ ಮಗ’ ಅನ್ನುತ್ತಾರೆ.